ಪೈನ್ ಬ್ಯಾರೆನ್ಸ್

ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಭಾಗದ ಮರಳು ನೆಲಗಳಲ್ಲಿ ಬೆಳೆದಿರುವ, ಮೇಲಿಂದ ಮೇಲೆ ಬೆಂಕಿಗೆ ಸಿಗುವ ಪೈನ್ ಕಾಡುಗಳಿಗೆ ಇರುವ ಹೆಸರು. ಇವುಗಳಲ್ಲಿ ದೊಡ್ಡದು ನ್ಯೂ ಜೆರ್ಸಿ ರಾಜ್ಯದ ದಕ್ಷಿಣಾರ್ಧದಲ್ಲಿದೆ. ಸಸ್ಯವಿಜ್ಞಾನಿಗಳು ಹೆಚ್ಚು ತಿರುಗಾಡಿ ಬರೆದಿರುವುದೂ ಅದನ್ನು ಕುರಿತೇ ಆದ್ದರಿಂದ ಈ ಲೇಖನ ಮುಖ್ಯವಾಗಿ ಅದಕ್ಕೆ ಸಂಬಂಧಿಸಿದ್ದು. ಸರಕಾರಿ ದಾಖಲೆಗಳಲ್ಲಿ ಅದರ ಹೆಸರು ಪೈನ್‌ಲ್ಯಾಂಡ್ಸ್. 1978ರಲ್ಲಿ ಅಮೆರಿಕದ ಕಾಂಗ್ರೆಸ್ ಇದನ್ನು ಆ ದೇಶದ ಮೊದಲ ರಾಷ್ಟ್ರೀಯ ಮೀಸಲು ಪ್ರದೇಶವೆಂದು ಸಾರಿತು. ಆ ಗೆರೆಯೊಳಗೆ ಬರುವ ನೆಲ ಸುಮಾರು 11 ಲಕ್ಷ ಎಕರೆ, ಅಂದರೆ ಇಡೀ ರಾಜ್ಯದ ಐದನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. 1988ರಲ್ಲಿ ಯುನೆಸ್ಕೊ ಇದನ್ನು ಜೀವಗೋಳ ಮೀಸಲುಗಳ ಪಟ್ಟಿಗೆ ಸೇರಿಸಿತು. ಫಿಲಡೆಲ್ಫಿಯದಿಂದ ಪೂರ್ವಕ್ಕೆ ಒಂದು ಗಂಟೆ ಕಾರು ಓಡಿಸಿದರೆ ಸಿಗುವ ಕಾಡಿದು. ಅಮೆರಿಕದ ಎಲ್ಲ ರಾಜ್ಯಗಳಿಗಿಂತ ಹೆಚ್ಚು ಜನಸಾಂದ್ರತೆಯ ರಾಜ್ಯದ ನಡುವೆ ಇಷ್ಟು ದೊಡ್ಡ ಕಾಡು ಉಳಿದಿರುವುದಕ್ಕೆ ಮೊದಲ ಕಾರಣ ಕಾನೂನಲ್ಲ, ಮಣ್ಣು. ವಲಸೆ ಬಂದ ಯುರೋಪಿನ ರೈತರ ಗೋಧಿ, ಜೋಳಗಳು ಇಲ್ಲಿ ಹತ್ತಲಿಲ್ಲ. ಅವರು ಇದನ್ನು ಬಂಜರೆಂದು ಕರೆದು ಮುಂದೆ ಹೋದರು.

ಆ ಬಂಜರಿನಲ್ಲಿ ಸುಮಾರು 850 ಜಾತಿಯ ಸಸ್ಯಗಳಿವೆ. ಅವುಗಳಲ್ಲಿ ಯಾವುದು ಎಲ್ಲಿ ನಿಲ್ಲಬೇಕು ಎಂಬುದನ್ನು ಎರಡು ಸಂಗತಿಗಳು ತೀರ್ಮಾನಿಸುತ್ತವೆ: ಕಾಲಿನ ಕೆಳಗೆ ನೀರು ಎಷ್ಟು ಆಳದಲ್ಲಿದೆ, ಮತ್ತು ಬೆಂಕಿ ಎಷ್ಟು ವರ್ಷಕ್ಕೊಮ್ಮೆ ಬರುತ್ತದೆ.

ನೆಲ ಮತ್ತು ನೀರು

ಇಲ್ಲಿ ಮಳೆಗೆ ಬರವಿಲ್ಲ. ವರ್ಷಕ್ಕೆ ಸುಮಾರು 1,100 ಮಿ.ಮೀ. ಬೀಳುತ್ತದೆ, ಅದು ಬೆಂಗಳೂರಿನ ಮಳೆಗಿಂತ ಹೆಚ್ಚೇ. ಆದರೂ ಕಾಡು ಒಣಕಲು, ಯಾಕೆಂದರೆ ಬಿದ್ದ ನೀರು ಮರಳಿನಲ್ಲಿ ನಿಲ್ಲದೆ ಸೀದಾ ಇಳಿದುಹೋಗುತ್ತದೆ. ಮಳೆ ನಿಂತು ಎರಡು ದಿನ ಬಿಸಿಲು ಗಾಳಿ ಹೊಡೆದರೆ ನೆಲದ ಮೇಲಿನ ತರಗು ಬೆಂಕಿ ಹಿಡಿಯಲು ತಯಾರು. ಈ ಮರಳಿನ ಬಹುಪಾಲು ಮಯೋಸೀನ್ ಯುಗದಲ್ಲಿ ನದಿಯೂ ಕಡಲೂ ತಂದೊಟ್ಟಿದ್ದು. ಭೂವಿಜ್ಞಾನಿಗಳು ಇದನ್ನು ಕೊಹ್ಯಾನ್ಸಿ ಸ್ತರ ಎನ್ನುತ್ತಾರೆ. ಕೊನೆಯ ಹಿಮಯುಗದ ಹಿಮಹಾಸು ಉತ್ತರ ನ್ಯೂ ಜೆರ್ಸಿಯಲ್ಲೇ ನಿಂತುಬಿಟ್ಟಿತು. ಅದು ಅರೆದು ತರುವ ಹೊಸ, ಸತ್ವವುಳ್ಳ ಮಣ್ಣು ಇಲ್ಲಿಗೆ ತಲಪಲಿಲ್ಲ. ಉಳಿದದ್ದು ಲಕ್ಷಾಂತರ ವರ್ಷಗಳ ಮಳೆ ತೊಳೆದು ಬಿಟ್ಟ ಬೆಣಚುಕಲ್ಲಿನ ಕಾಳು.

ಒಣ ದಿಬ್ಬದ ಮೇಲೆ ಒಂದೆರಡು ಅಡಿ ಗುಂಡಿ ತೋಡಿದರೆ ಈ ತೊಳೆತ ಕಣ್ಣಿಗೇ ಕಾಣುತ್ತದೆ. ಮೇಲೆ ಅರೆಕೊಳೆತ ಪೈನ್ ಸೂಜಿಗಳ ತೆಳು ಕಪ್ಪು ಪದರ. ಅದರ ಕೆಳಗೆ ಬೂದಿಯ ಬಣ್ಣದ, ಕೆಲವೆಡೆ ಸಕ್ಕರೆಯಷ್ಟು ಬಿಳಿಯ ಮರಳು. ಸೂಜಿಗಳಿಂದ ಇಳಿದ ಆಮ್ಲ ಅದರಲ್ಲಿದ್ದ ಕಬ್ಬಿಣವನ್ನೂ ಅಲ್ಯೂಮಿನಿಯಮ್ಮನ್ನೂ ಕರಗಿಸಿ ಕೆಳಕ್ಕೆ ಒಯ್ದಿರುತ್ತದೆ. ಇನ್ನೂ ಕೆಳಗೆ, ಒಯ್ದದ್ದೆಲ್ಲ ಕುಳಿತ ಕಂದು ಹಳದಿ ಪದರ. ಇಂಥ ಮಣ್ಣಿಗೆ ಪಾಡ್‌ಜಾಲ್ ಎಂದು ಹೆಸರು. ಇದರ ಪಿಎಚ್ 3.5ರಿಂದ 5ರವರೆಗೆ ಇರುತ್ತದೆ. ಸಾರಜನಕ, ರಂಜಕ, ಸುಣ್ಣ ಯಾವುದೂ ಹೇಳಿಕೊಳ್ಳುವಷ್ಟಿಲ್ಲ. ಪೈನ್, ಓಕ್ ಮತ್ತು ಹಕಲ್‌ಬೆರಿ ಜಾತಿಯ ಪೊದೆಗಳು ಬೇರಿನಲ್ಲಿ ಶಿಲೀಂಧ್ರಗಳನ್ನು ಜೊತೆಗಿಟ್ಟುಕೊಂಡು, ಅವುಗಳ ಎಳೆಗಳ ಮೂಲಕ ಇದ್ದಷ್ಟನ್ನು ಹೀರಿಕೊಳ್ಳುತ್ತವೆ.

ಇಳಿದುಹೋದ ನೀರು ವ್ಯರ್ಥವಾಗುವುದಿಲ್ಲ. ಮರಳಿನ ಅಡಿಯಲ್ಲಿ ಕರ್ಕ್‌ವುಡ್–ಕೊಹ್ಯಾನ್ಸಿ ಎಂಬ ಅಂತರ್ಜಲದ ಪದರವಿದೆ. ಅದರಲ್ಲಿ 17 ಲಕ್ಷ ಕೋಟಿ ಗ್ಯಾಲನ್ ನೀರಿದೆ ಎಂಬ ಅಂದಾಜು ಪ್ರಸಿದ್ಧ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 2,200 ಟಿಎಂಸಿ ಅಡಿಗೂ ಮೀರಿ, ಅಂದರೆ ಕನ್ನಂಬಾಡಿ ಕಟ್ಟೆ ನಲವತ್ತಕ್ಕೂ ಹೆಚ್ಚು ಸಲ ತುಂಬುವಷ್ಟು. ಈ ನೀರು ತಗ್ಗಿನಲ್ಲಿ ನೆಲಮಟ್ಟಕ್ಕೆ ಬಂದು ಜೌಗಾಗುತ್ತದೆ, ಹೊಳೆಯಾಗುತ್ತದೆ. ಮಲಿಕಾ, ಬ್ಯಾಟ್‌ಸ್ಟೊ, ವೇಡಿಂಗ್ ಹೊಳೆಗಳ ನೀರು ಕಡು ಚಹದ ಬಣ್ಣದ್ದು. ಕೊಳೆತ ಎಲೆಗಳ ಆಮ್ಲ ಮತ್ತು ಕಬ್ಬಿಣ ಸೇರಿ ಆ ಬಣ್ಣ ಬಂದಿದೆ. ದಿಬ್ಬಕ್ಕೂ ಜೌಗಿಗೂ ಇರುವ ಎತ್ತರದ ವ್ಯತ್ಯಾಸ ಎಷ್ಟೋ ಕಡೆ ನಾಲ್ಕಾರು ಅಡಿ ಮಾತ್ರ. ಆದರೆ ಆ ನಾಲ್ಕಾರು ಅಡಿಯಲ್ಲಿ ಸಸ್ಯಗಳ ಪಟ್ಟಿ ಪೂರ್ತಿ ಬದಲಾಗುತ್ತದೆ.

ಪಿಚ್ ಪೈನ್

ಈ ಕಾಡಿನ ಯಜಮಾನ ಪಿಚ್ ಪೈನ್, ಸಸ್ಯಶಾಸ್ತ್ರದಲ್ಲಿ ಪೈನಸ್ ರಿಜಿಡ. ಹಿಮಾಲಯದ ಚೀರ್ ಪೈನ್‌ನಂತೆ ಇದಕ್ಕೂ ಸೂಜಿಗಳು ಮೂರು ಮೂರರ ಗೊಂಚಲು. ಸೊಟ್ಟ ಕೊಂಬೆ, ಒರಟು ತೊಗಟೆ, ಮುಳ್ಳಿನ ಕಾಯಿ. ನೋಡಲು ಚೆಲುವಿನ ಮರವೇನಲ್ಲ, ಮರ ಕಡಿಯುವವರಿಗೂ ಇದರ ಮೇಲೆ ಅಷ್ಟೇನೂ ಆಸೆ ಇರಲಿಲ್ಲ. ಆದರೆ ಬೆಂಕಿಗೆ ಸಿದ್ಧವಾಗಿ ನಿಲ್ಲುವುದರಲ್ಲಿ ಈಶಾನ್ಯ ಅಮೆರಿಕದ ಯಾವ ಮರವೂ ಇದನ್ನು ಮೀರಿಸದು.

ಮೊದಲನೆಯ ರಕ್ಷೆ ಎಂದರೆ ದಪ್ಪ ತೊಗಟೆ. ಪದರ ಪದರವಾಗಿ ಏಳುವ ಈ ತೊಗಟೆ ನೆಲದ ಬೆಂಕಿಯ ಬಿಸಿಯನ್ನು ಒಳಗಿನ ಜೀವಂತ ಪದರಕ್ಕೆ ಬಿಡುವುದಿಲ್ಲ. ಬೆಂಕಿ ನೆತ್ತಿಗೇರಿ ಸೂಜಿಗಳೆಲ್ಲ ಉರಿದುಹೋದರೂ ಮರ ಸಾಯಬೇಕೆಂದಿಲ್ಲ. ಕಾಂಡದ ಉದ್ದಕ್ಕೂ ತೊಗಟೆಯ ಒಳಗೆ ಸುಪ್ತ ಮೊಗ್ಗುಗಳು ಕೂತಿರುತ್ತವೆ. ಪೈನ್ ಕುಲದಲ್ಲಿ ಇದು ಅಪರೂಪ. ಹೆಚ್ಚಿನ ಪೈನ್‌ಗಳು ಒಮ್ಮೆ ಸುಟ್ಟರೆ ಮತ್ತೆ ಚಿಗುರುವುದಿಲ್ಲ. ಏಪ್ರಿಲ್‌ನಲ್ಲಿ ಬೆಂಕಿ ಬಂದು ಹೋದ ಕಾಡಿಗೆ ಜೂನ್ ಹೊತ್ತಿಗೆ ಕಾಲಿಟ್ಟರೆ, ಇದ್ದಿಲಿನಂತೆ ಕಪ್ಪಾದ ಕಂಬಗಳ ಮೈತುಂಬ, ಬುಡದಿಂದ ನೆತ್ತಿಯವರೆಗೆ, ಎಳೆ ಹಸಿರು ಸೂಜಿಗಳು ಕೂದಲಿನಂತೆ ಎದ್ದಿರುತ್ತವೆ.

ಕಾಂಡವೇ ಸತ್ತರೆ ಬುಡ ಚಿಗುರುತ್ತದೆ. ಅದಕ್ಕೆ ಬೇಕಾದ ಏರ್ಪಾಟು ಸಸಿಯ ಮೊದಲ ವರ್ಷಗಳಲ್ಲೇ ಆಗಿರುತ್ತದೆ. ಎಳೆಯ ಪಿಚ್ ಪೈನ್ ನೇರವಾಗಿ ಏಳುವುದಿಲ್ಲ. ಕಾಂಡ ಮೊದಲು ನೆಲದ ಮೇಲೆ ಅಡ್ಡಬಿದ್ದು, ಆಮೇಲೆ ಮೇಲಕ್ಕೆ ಬಾಗುತ್ತದೆ. ಹೀಗೆ ಬಿದ್ದ ಮೊಣಕೈಯಂಥ ಭಾಗ ಕಾಲಕ್ರಮದಲ್ಲಿ ತರಗು ಮರಳಿನ ಅಡಿ ಸೇರುತ್ತದೆ, ಅದರ ಜೊತೆಗೆ ಬುಡದ ಮೊಗ್ಗುಗಳೂ. ಒಂದು ಅಂಗುಲ ಮರಳು ಮುಚ್ಚಿದ್ದರೆ ಸಾಕು, ಮೇಲೆ ಕೆಂಡವಾಗಿದ್ದರೂ ಕೆಳಗೆ ಮೊಗ್ಗು ಬದುಕುತ್ತದೆ. ಸಸಿಯೊಂದನ್ನು ಮೆಲ್ಲಗೆ ಕಿತ್ತು ನೋಡಿದರೆ ಈ ಕೊಕ್ಕೆ ಸ್ಪಷ್ಟವಾಗಿ ಕಾಣುತ್ತದೆ. ಕಡಿದ ಬುಡವೂ ಇದೇ ರೀತಿ ಚಿಗುರುವುದರಿಂದ, ಇದ್ದಿಲಿಗಾಗಿ ಮತ್ತೆ ಮತ್ತೆ ಬೋಳಾದರೂ ಈ ಕಾಡು ಪೈನ್ ಕಾಡಾಗಿಯೇ ಮರಳಿತು.

ಮೂರನೆಯದು ಕಾಯಿ. ಹಲವು ಮರಗಳ ಕಾಯಿಗಳು ಹಣ್ಣಾದರೂ ಬಿರಿಯುವುದಿಲ್ಲ. ಹುರುಪೆಗಳ ನಡುವೆ ರಾಳ ಗಟ್ಟಿಯಾಗಿ ಕೂತು ಅವನ್ನು ವರ್ಷಾನುಗಟ್ಟಲೆ ಮುಚ್ಚಿಟ್ಟಿರುತ್ತದೆ. ಬೆಂಕಿಯ ಬಿಸಿಗೆ ರಾಳ ಕರಗುತ್ತದೆ, ಹುರುಪೆ ಒಂದೊಂದಾಗಿ ತೆರೆದುಕೊಳ್ಳುತ್ತದೆ, ರೆಕ್ಕೆಯ ಬೀಜಗಳು ತಣ್ಣಗಾಗುತ್ತಿರುವ ನೆಲದ ಮೇಲೆ ಉದುರುತ್ತವೆ. ಆಗ ನೆಲದಲ್ಲಿ ತರಗು ಇರುವುದಿಲ್ಲ, ನೆರಳು ಇರುವುದಿಲ್ಲ, ಬೂದಿಯ ಸತ್ವ ಸ್ವಲ್ಪ ಇರುತ್ತದೆ. ಪೈನ್ ಬೀಜಕ್ಕೆ ಬೇಕಾದದ್ದು ಇದೇ. ದಪ್ಪ ತರಗಿನ ಮೇಲೆ ಬಿದ್ದ ಬೀಜದ ಬೇರು ಮರಳು ಮುಟ್ಟುವ ಮುಂಚೆಯೇ ಒಣಗಿಹೋಗುತ್ತದೆ.

ಬೆಂಕಿ ಬಾರದೇ ಇದ್ದರೆ ಏನಾಗುತ್ತದೆ ಎಂಬುದೂ ಇದರಿಂದ ತಿಳಿಯುತ್ತದೆ. ದಶಕಗಳು ಕಳೆದಂತೆ ತರಗು ಏರುತ್ತದೆ, ಹೊಸ ಪೈನ್ ಸಸಿಗಳು ಏಳುವುದಿಲ್ಲ, ನೆರಳನ್ನು ತಾಳಬಲ್ಲ ಓಕ್‌ಗಳು ಕೆಳಗಿನಿಂದ ಮೇಲೆ ಬರುತ್ತವೆ. ಬೆಂಕಿಯಿಲ್ಲದೆ ಬಹುಕಾಲ ಉಳಿದ ದಿಬ್ಬದಲ್ಲಿ ಕಪ್ಪು ಓಕ್, ಬಿಳಿ ಓಕ್, ಚೆಸ್ಟ್‌ನಟ್ ಓಕ್‌ಗಳ ನಡುವೆ ಅಲ್ಲೊಂದು ಇಲ್ಲೊಂದು ಮುದಿ ಪೈನ್ ಉಳಿದಿರುತ್ತದೆ.

ಕುಳ್ಳ ಪೈನ್ ಬಯಲು

ಇದರ ತದ್ವಿರುದ್ಧ ತುದಿಯನ್ನು ವಾರೆನ್ ಗ್ರೋವ್ ಸುತ್ತಮುತ್ತಲಿನ ಪೂರ್ವ ಮತ್ತು ಪಶ್ಚಿಮ ಬಯಲುಗಳಲ್ಲಿ ನೋಡಬಹುದು. ಎರಡೂ ಸೇರಿ 12,000 ಎಕರೆಗೂ ಹೆಚ್ಚು. ಇಲ್ಲಿ ಪಿಚ್ ಪೈನ್ ಆಳೆತ್ತರ ಮೀರುವುದೇ ಕಡಿಮೆ. ಮೂರು ಮೀಟರ್ ದಾಟುವುದಂತೂ ಅಪರೂಪ. ರಸ್ತೆಯ ಪಕ್ಕ ಕಾರಿನ ಮೇಲೆ ಹತ್ತಿ ನಿಂತರೆ ಕಾಡಿನ ನೆತ್ತಿಯನ್ನೇ ಕೆಳಗೆ ನೋಡಬಹುದು, ದಿಗಂತದವರೆಗೂ. ಮರ ಎನ್ನುವುದಕ್ಕಿಂತ ಪೊದೆ ಎನ್ನುವುದು ಸರಿ: ಒಂದೇ ಹಳೆಯ ಬುಡದಿಂದ ಹತ್ತಾರು ಸೊಟ್ಟ ಕಾಂಡಗಳು. ಮೇಲಿನ ಕಾಂಡದ ವಯಸ್ಸು ಹತ್ತಿಪ್ಪತ್ತು ವರ್ಷ, ಕೆಳಗಿನ ಬುಡದ್ದು ಅದರ ಎಷ್ಟೋ ಪಾಲು.

ಇವು ಯಾಕೆ ಕುಳ್ಳಾದವು ಎಂಬುದು ಹಳೆಯ ವಾದ. ಮಣ್ಣಿನ ವಿಷ, ಗಟ್ಟಿ ಪದರ, ಗಾಳಿ ಎಂದೆಲ್ಲ ಹೇಳಿದ್ದುಂಟು. ಇಂದು ಹೆಚ್ಚಿನವರು ಒಪ್ಪುವ ಕಾರಣ ಬೆಂಕಿ. ಬಯಲು ಎತ್ತರದಲ್ಲಿದೆ, ನಡುವೆ ಬೆಂಕಿಯನ್ನು ತಡೆಯುವ ಹೊಳೆ ಜೌಗುಗಳು ಕಡಿಮೆ, ಗಾಳಿ ಧಾರಾಳ. ಹಿಂದೆ ಇಲ್ಲಿ ಹತ್ತು ವರ್ಷದ ಆಸುಪಾಸಿನಲ್ಲೇ ಮತ್ತೆ ಬೆಂಕಿ ಬರುತ್ತಿತ್ತು. ಇಷ್ಟು ಬೇಗ ಬೇಗ ಸುಡುವ ಕಡೆ ಎತ್ತರಕ್ಕೆ ಬೆಳೆಯುವವನಿಗೆ ಲಾಭವಿಲ್ಲ. ಬೇಗ ಕಾಯಿ ಬಿಟ್ಟು, ಕಾಯಿ ಮುಚ್ಚಿಟ್ಟು, ಬುಡದಲ್ಲಿ ಸಂಗ್ರಹ ಇಟ್ಟವನಿಗೆ ಲಾಭ. ಬಯಲಿನ ಮರಗಳು ಕೆಲವೇ ವರ್ಷದ ಪ್ರಾಯದಲ್ಲಿ ಕಾಯಿ ಹಿಡಿಯುತ್ತವೆ, ಮತ್ತು ಅವುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಬೆಂಕಿಗೆ ಕಾಯುವ ಮುಚ್ಚಿದ ಕಾಯಿಗಳೇ. ಬಯಲಿನ ಬೀಜವನ್ನೂ ಹೊರಗಿನ ಬೀಜವನ್ನೂ ಒಂದೇ ತೋಟದಲ್ಲಿ ಬೆಳೆಸಿ ನೋಡಿದ ಪ್ರಯೋಗಗಳಲ್ಲಿ ಬಯಲಿನ ಸಸಿಗಳು ಅಲ್ಲೂ ಸೊಟ್ಟಗೆ, ನಿಧಾನವಾಗಿ ಬೆಳೆದವು. ಅಂದರೆ ಬೆಂಕಿ ಮರವನ್ನು ಮೊಟಕಿದ್ದಷ್ಟೇ ಅಲ್ಲ, ತಲೆಮಾರುಗಳ ಆಯ್ಕೆಯಲ್ಲಿ ವಂಶವನ್ನೂ ಬದಲಿಸಿದೆ.

ಪೊದೆಗಳೂ ಹೂಗಳೂ

ಪೈನ್ ಅಡಿಯಲ್ಲಿ ಮೊಣಕಾಲುದ್ದದ ಪೊದೆಗಳ ಹಾಸು ಬಿಡುವಿಲ್ಲದೆ ಹಬ್ಬಿದೆ. ಕಪ್ಪು ಹಕಲ್‌ಬೆರಿಯೇ ಮುಖ್ಯ. ಎಲೆಯ ಹಿಂಬದಿಯ ರಾಳದ ಹಳದಿ ಚುಕ್ಕೆಗಳಿಂದ ಇದನ್ನು ಗುರುತಿಸಬಹುದು. ಈ ರಾಳದ ಎಲೆಗಳೂ ಒಣ ಸೂಜಿಗಳೂ ಸೇರಿ ನೆಲದ ಬೆಂಕಿಯನ್ನು ಮರದ ನೆತ್ತಿಗೆ ಹತ್ತಿಸುವ ಏಣಿಯಾಗುತ್ತವೆ. ಜೊತೆಗೆ ಗಿಡ್ಡ ಬ್ಲೂಬೆರಿ, ಬ್ಲ್ಯಾಕ್‌ಜ್ಯಾಕ್ ಓಕ್, ಪೊದೆ ಓಕ್. ಪೊದೆ ಓಕ್‌ನ ಎಲೆ ತಿಂದು ಬೆಳೆಯುವ ಬಕ್ ಪತಂಗ ಮರಳಿನೊಳಗೆ ಕೋಶವಾಗಿ ಅಡಗಿದ್ದು, ಅಕ್ಟೋಬರ್ ಬಿಸಿಲಿನಲ್ಲಿ ಹಗಲುಹೊತ್ತೇ ಹಾರುತ್ತದೆ.

ಪಿಕ್ಸಿ ಮಾಸ್ ಎಂಬುದು ಹೆಸರಿನಲ್ಲಿ ಹಾವಸೆ, ನಿಜದಲ್ಲಿ ಹೂಬಿಡುವ ಗಿಡ. ನೆಲಕ್ಕೆ ಅಂಟಿದ ಅಂಗೈಯಗಲದ ಹಸಿರು ಹಾಸಿನ ಮೇಲೆ ಮಾರ್ಚ್ ಕೊನೆ, ಏಪ್ರಿಲ್ ಹೊತ್ತಿಗೆ ಐದೆಸಳಿನ ಬಿಳಿ ಹೂಗಳು ಎರಚಿದಂತೆ ಕೂರುತ್ತವೆ. ನ್ಯೂ ಜೆರ್ಸಿ ಬಿಟ್ಟರೆ ಇದು ಮುಖ್ಯವಾಗಿ ಕೆರೊಲಿನ ರಾಜ್ಯಗಳಲ್ಲಿದೆ. ಪೊರಕೆ ಕ್ರೋಬೆರಿಯದು ಇನ್ನೊಂದು ದಿಕ್ಕು: ಕೆನಡದ ನೋವಾ ಸ್ಕೋಷದಂಥ ತಂಪು ತೀರಗಳ ಗಿಡ ದಕ್ಷಿಣಕ್ಕೆ ಬಂದು ಕುಳ್ಳ ಪೈನ್ ಬಯಲಿನಲ್ಲಿ ನಿಂತಿದೆ. ಬೆಂಕಿ ಬಂದರೆ ಈ ಗಿಡ ಸಾಯುತ್ತದೆ, ಮಣ್ಣಿನಲ್ಲಿ ಹುದುಗಿದ ಬೀಜ ಮೊಳೆಯುತ್ತದೆ. ತೆಂಕಣದ ಸಸ್ಯಗಳ ಉತ್ತರದ ಗಡಿ, ಬಡಗಣದ ಕೆಲವು ಸಸ್ಯಗಳ ದಕ್ಷಿಣದ ಗಡಿ ಒಂದೇ ಮರಳಿನ ಮೇಲೆ ಕೂಡಿರುವುದು ಸಸ್ಯ ಸಂಗ್ರಾಹಕರನ್ನು ಇಲ್ಲಿಗೆ ಎಳೆದುತಂದಿತು. ವಿಟ್ಮರ್ ಸ್ಟೋನ್ 1911ರಲ್ಲಿ ದಕ್ಷಿಣ ನ್ಯೂ ಜೆರ್ಸಿಯ ಸಸ್ಯಗಳನ್ನು ಕುರಿತು ಬರೆದ ಗ್ರಂಥವನ್ನೂ ಜಾನ್ ಹಾರ್ಷ್‌ಬರ್ಗರ್ 1916ರಲ್ಲಿ ಹೊರತಂದ ಗ್ರಂಥವನ್ನೂ ಇಂದಿಗೂ ಬಿಡಿಸಿ ನೋಡುತ್ತಾರೆ.

ಟರ್ಕಿಬಿಯರ್ಡ್ ಹುಲ್ಲಿನ ಗುಪ್ಪೆಯಂತಿರುವ ಗಿಡ. ಬೆಂಕಿ ಬಂದ ಮರುವರ್ಷ ಉದ್ದ ದಂಟಿನ ಮೇಲೆ ಕೆನೆಬಿಳಿ ಹೂಗೊಂಚಲನ್ನು ಹೇರಳವಾಗಿ ಎತ್ತುತ್ತದೆ, ಕಾಡು ಮುಚ್ಚಿಕೊಂಡಂತೆ ಹೂ ಕಡಿಮೆಯಾಗುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ಅರಳುವ ಪೈನ್ ಬ್ಯಾರೆನ್ಸ್ ಜೆನ್ಷನ್‌ನ ಕಡುನೀಲಿ ಹೂವನ್ನು ಹುಡುಕುವವರು ಸುಟ್ಟ ಜಾಗಗಳನ್ನೂ ಹುಲ್ಲು ಕತ್ತರಿಸಿದ ರಸ್ತೆಬದಿಗಳನ್ನೂ ನೋಡುವುದು ಇದೇ ಕಾರಣಕ್ಕೆ. ಚಾಫ್‌ಸೀಡ್ ಎಂಬ ಅರೆಪರಾವಲಂಬಿ ಗಿಡದ ಸ್ಥಿತಿ ಇನ್ನೂ ಬಿಗಡಾಯಿಸಿದೆ. ಇದು ಪಕ್ಕದ ಗಿಡಗಳ ಬೇರಿನಿಂದ ಸತ್ವ ಹೀರುತ್ತದೆ, ತೆರೆದ ಬಿಸಿಲಿನ ನೆಲ ಬೇಡುತ್ತದೆ. ಬೆಂಕಿ ನಿಂತಂತೆ ರಾಜ್ಯದ ಉಳಿದೆಲ್ಲ ನೆಲೆಗಳಿಂದ ಮಾಯವಾಗಿ, ಬ್ರೆಂಡನ್ ಬರ್ನ್ ರಾಜ್ಯ ಅರಣ್ಯದ ಒಂದು ರಸ್ತೆಬದಿಯಲ್ಲಿ ಮಾತ್ರ ತಾನಾಗಿ ಬದುಕಿಕೊಂಡಿತ್ತು. 1992ರಲ್ಲಿ ಇದನ್ನು ಕೇಂದ್ರ ಸರಕಾರದ ಅಳಿವಿನಂಚಿನ ಪಟ್ಟಿಗೆ ಸೇರಿಸಲಾಯಿತು.

ತಗ್ಗಿನ ಜೌಗು

ದಿಬ್ಬದಿಂದ ಇಳಿದರೆ ಪೈನ್ ತೆಳುವಾಗುತ್ತದೆ. ಹೊಳೆಯ ಇಕ್ಕೆಲದಲ್ಲಿ ಅಟ್ಲಾಂಟಿಕ್ ಬಿಳಿ ಸೀಡರ್ ಮರಗಳು ಒತ್ತೊತ್ತಾಗಿ ನಿಂತಿರುತ್ತವೆ. ಒಳಗೆ ನಡುಹಗಲಿನಲ್ಲೂ ಮಬ್ಬು, ಕಾಲಡಿಯಲ್ಲಿ ನೀರು ಕುಡಿದ ಸ್ಫ್ಯಾಗ್ನಮ್ ಪಾಚಿ. ಸೀಡರ್ ಕಟ್ಟಿಗೆ ಕೊಳೆಯದು. ಅದಕ್ಕೇ ದೋಣಿ, ಚಾವಣಿಯ ಹಲಗೆಗಳಿಗಾಗಿ ವಸಾಹತು ಕಾಲದಿಂದ ಕಡಿದು ಮುಗಿಸಿದರು. ಬೆಂಕಿಯ ವಿಷಯದಲ್ಲಿ ಇದು ಪೈನ್‌ನ ವಿರುದ್ಧ ಸ್ವಭಾವದ್ದು. ತೊಗಟೆ ತೆಳು, ಸುಟ್ಟ ಬುಡ ಚಿಗುರುವುದಿಲ್ಲ. ನೀರು ತುಂಬಿದ್ದಾಗ ಬೆಂಕಿ ಬಂದರೆ ಮರ ಸತ್ತರೂ ಪಾಚಿಮಣ್ಣಿನ ಬೀಜ ಮೊಳೆತು ಸೀಡರ್ ಮರಳುತ್ತದೆ. ಬರಗಾಲದಲ್ಲಿ ಬಂದರೆ ಬೀಜದ ಸಮೇತ ಮಣ್ಣೇ ಉರಿದು ಆ ಜಾಗ ಮೇಪಲ್‌ಗೋ ಪೊದೆಗೋ ಹೋಗುತ್ತದೆ. ಮೊಳೆತ ಸಸಿಯನ್ನು ಜಿಂಕೆ ತಿನ್ನುವುದು ಈಚಿನ ಇನ್ನೊಂದು ಕಾಟ.

ಜೌಗಿನ ತೆರೆದ ಭಾಗದಲ್ಲಿ ಕೀಟಾಹಾರಿಗಳ ರಾಜ್ಯ. ಸಾರಜನಕವಿಲ್ಲದ ಆಮ್ಲದ ನೀರಿನಲ್ಲಿ ಕೀಟವೇ ಗೊಬ್ಬರ. ಕರ್ನಾಟಕದ ಕರಾವಳಿಯ ಜಂಬಿಟ್ಟಿಗೆ ಹಾಸುಗಳ ಮೇಲೆ ಮಳೆಗಾಲದಲ್ಲಿ ಕಾಣುವ ಡ್ರಾಸಿರ, ಯುಟ್ರಿಕ್ಯುಲೇರಿಯ ಕುಲಗಳೇ ಇಲ್ಲೂ ಇವೆ, ಜಾತಿಗಳು ಬೇರೆ. ಎರಡೂ ಕಡೆ ನೆಲದ ಬಡತನ ಒಂದೇ ಬಗೆಯದು. ಕೆನ್ನೇರಳೆ ಹೂಜಿಗಿಡ, ಸರಸೀನಿಯ ಪರ್ಪ್ಯೂರಿಯ, ಮಾತ್ರ ಉತ್ತರ ಅಮೆರಿಕಕ್ಕೇ ಸೀಮಿತವಾದ ಕುಲದ್ದು. ಅದರ ಎಲೆಹೂಜಿಗೆ ಮುಚ್ಚಳದ ಮರೆ ಇಲ್ಲ, ಮಳೆನೀರು ತುಂಬಿಕೊಳ್ಳುತ್ತದೆ. ಬಾಯಂಚಿನ ಕೂದಲುಗಳು ಕೆಳಮುಖ. ಒಳಗಿಳಿದ ಇರುವೆ ಹತ್ತಿ ಬರಲಾರದು. ಆದರೆ ಆ ನೀರಿನಲ್ಲೇ ವೈಯೋಮಿಯ ಸ್ಮಿಥಿಯೈ ಎಂಬ ಸೊಳ್ಳೆಯ ಮರಿಗಳು ಬೆಳೆಯುತ್ತವೆ, ಬೇರೆಲ್ಲೂ ಬೆಳೆಯುವುದಿಲ್ಲ. ಸತ್ತ ಕೀಟವನ್ನು ಅವು ಚೂರು ಮಾಡಿ ತಿನ್ನುತ್ತವೆ, ಉಳಿದದ್ದು ಗಿಡಕ್ಕೆ. ಚಳಿಗಾಲದಲ್ಲಿ ಹೂಜಿಯ ನೀರು ಮಂಜುಗಡ್ಡೆಯಾದಾಗ ಮರಿಗಳೂ ಅದರೊಳಗೆ ಹೆಪ್ಪುಗಟ್ಟಿದ್ದು, ವಸಂತದಲ್ಲಿ ಮತ್ತೆ ಈಜಲು ಶುರು ಮಾಡುತ್ತವೆ.

ಈ ಜೌಗಿನ ಅತ್ಯಂತ ಪ್ರಸಿದ್ಧ ಗಿಡ ಕಣ್ಣಿಗೆ ಬೀಳುವುದೇ ಕಷ್ಟ. ಸುರುಳಿಹುಲ್ಲು ಜರೀಗಿಡ, ಷೈಜೀಯ ಪುಸಿಲ್ಲ. ಎಲೆ ಎಂದರೆ ಬೆರಳುದ್ದಕ್ಕಿಂತ ಕಡಿಮೆಯ, ತಂತಿಯಂತೆ ಸುರುಳಿ ಸುತ್ತಿದ ಹಸಿರು ದಾರ. ಬೀಜಕದ ಎಲೆಯ ತುದಿಯಲ್ಲಿ ಮಾತ್ರ ಸಣ್ಣ ಬಾಚಣಿಗೆಯಂಥದ್ದೊಂದು ಇರುತ್ತದೆ. 19ನೆಯ ಶತಮಾನದ ಮೊದಲ ವರ್ಷಗಳಲ್ಲಿ ಕ್ವೇಕರ್ ಬ್ರಿಜ್ ಎಂಬಲ್ಲಿ ಇದು ಸಿಕ್ಕಾಗಿನಿಂದ ಆ ಸೇತುವೆ ಸಸ್ಯವಿಜ್ಞಾನಿಗಳ ಯಾತ್ರಾಸ್ಥಳವಾಯಿತು. ಮಂಡಿಯೂರಿ, ಸೀಡರ್ ಬುಡದ ಪಾಚಿಗೆ ಮುಖ ಹಚ್ಚಿ ಹುಡುಕದ ಹೊರತು ಇದು ದರ್ಶನ ಕೊಡುವುದಿಲ್ಲ.

ಆಮ್ಲವೇ ಇವುಗಳಿಗೆಲ್ಲ ಬೇಲಿ. ಹಸಿರು ಮೈ, ಬದಿಯಲ್ಲಿ ನೇರಳೆ ಪಟ್ಟಿಯ ಪೈನ್ ಬ್ಯಾರೆನ್ಸ್ ಮರಗಪ್ಪೆ ಇಂಥ ಹುಳಿನೀರಿನಲ್ಲಿ ಮೊಟ್ಟೆಯಿಟ್ಟು ಗೆಲ್ಲುತ್ತದೆ. ಮನೆಗಳ ಹುಲ್ಲುಹಾಸಿನ ಗೊಬ್ಬರ, ಸುಣ್ಣ, ಶೌಚಗುಂಡಿಯ ನೀರು ಹೊಳೆಗೆ ಇಳಿದ ಕಡೆ ಪಿಎಚ್ ಏರುತ್ತದೆ, ಸಾರಜನಕ ಏರುತ್ತದೆ. ಹೊರಗಿನ ಕಳೆಗಳೂ ಬುಲ್‌ಫ್ರಾಗ್‌ನಂಥ ದಾಂಡಿಗ ಕಪ್ಪೆಗಳೂ ಬರುತ್ತವೆ, ಇಲ್ಲಿಯವು ಹಿಂದೆಗೆಯುತ್ತವೆ.

ಬೆಂಕಿಯ ಚರಿತ್ರೆ

ಇಲ್ಲಿ ಮಿಂಚಿನಿಂದ ಬೆಂಕಿ ಹತ್ತುವುದು ವಿರಳ. ಮಿಂಚಿನ ಜೊತೆಗೆ ಮಳೆಯೂ ಬರುತ್ತದೆ. ಈ ಕಾಡಿನ ಬೆಂಕಿಯ ಬಹುಪಾಲು ಮನುಷ್ಯ ಹಚ್ಚಿದ್ದು ಅಥವಾ ಅವನ ಕೈತಪ್ಪಿದ್ದು. ಮೂಲನಿವಾಸಿಗಳಾದ ಲೆನಾಪಿ ಜನ ಬೇಟೆಗಾಗಿ, ದಾರಿಗಾಗಿ ಸುಡುತ್ತಿದ್ದರು. ಆಮೇಲೆ ಬಂದದ್ದು ಕಬ್ಬಿಣದ ಕಾಲ. ಮರಳಿನಿಂದ ಕರಗಿ ಬಂದ ಕಬ್ಬಿಣ ಹೊಳೆದಂಡೆಯಲ್ಲಿ ಗಾಳಿ ತಾಗಿ ಅದಿರಾಗಿ ಕೂರುತ್ತದೆ. ಅದನ್ನು ಕರಗಿಸಲು ಚಾರ್ಲ್ಸ್ ರೀಡ್ 1766ರಲ್ಲಿ ಬ್ಯಾಟ್‌ಸ್ಟೊದಲ್ಲಿ ಕುಲುಮೆ ಕಟ್ಟಿದ. ಸ್ವಾತಂತ್ರ್ಯ ಯುದ್ಧದಲ್ಲಿ ಜಾರ್ಜ್ ವಾಷಿಂಗ್ಟನ್ನನ ಸೇನೆಗೆ ಇಲ್ಲಿಂದ ಗುಂಡುಗಳು ಹೋದವು. ಕುಲುಮೆಗೆ ಇದ್ದಿಲು ಬೇಕು, ಇದ್ದಿಲಿಗೆ ಪೈನ್ ಬೇಕು. ಕಾಡು ಸುತ್ತಿ ಸುತ್ತಿ ಬೋಳಾಯಿತು, ಇದ್ದಿಲು ಗೂಡುಗಳಿಂದ ಬೆಂಕಿ ಹಾರಿತು. 19ನೆಯ ಶತಮಾನದ ನಡುವೆ ಪೆನ್ಸಿಲ್ವೇನಿಯದ ಕಲ್ಲಿದ್ದಲು ಮತ್ತು ಒಳ್ಳೆಯ ಅದಿರು ಬಂದು ಕುಲುಮೆಗಳು ಆರಿದವು, ಊರುಗಳು ಪಾಳುಬಿದ್ದವು. ಬೆಂಕಿ ಹಾರಿಸುವ ಕೆಲಸವನ್ನು ಉಗಿಬಂಡಿಗಳು ವಹಿಸಿಕೊಂಡವು.

1906ರಲ್ಲಿ ರಾಜ್ಯ ಕಾಳ್ಗಿಚ್ಚು ಆರಿಸುವ ಇಲಾಖೆಯನ್ನು ಸ್ಥಾಪಿಸಿತು. ಎತ್ತರದ ಗೋಪುರಗಳಲ್ಲಿ ಕೂತು ಹೊಗೆ ಹುಡುಕುವ ಕಾವಲುಗಾರರು ಇಂದಿಗೂ ಇದ್ದಾರೆ. ರಾಜ್ಯದಲ್ಲಿ ಒಟ್ಟು 21 ಗೋಪುರಗಳು. ಬೆಂಕಿಯ ಋತು ಮಾರ್ಚ್‌ನಿಂದ ಮೇ. ಆಗ ಓಕ್‌ಗಳು ಇನ್ನೂ ಚಿಗುರಿರುವುದಿಲ್ಲ, ಬಿಸಿಲು ನೇರ ತರಗಿನ ಮೇಲೆ ಬೀಳುತ್ತದೆ, ಗಾಳಿ ಒಣ. 1963ರ ಏಪ್ರಿಲ್ 20ರ ಶನಿವಾರ ಇವೆಲ್ಲ ಒಟ್ಟಿಗೆ ಕೂಡಿಬಂದವು. ಆ ವಾರಾಂತ್ಯದ ಬೆಂಕಿಗಳಲ್ಲಿ ನ್ಯೂ ಜೆರ್ಸಿಯ ಸುಮಾರು 1,83,000 ಎಕರೆ ಸುಟ್ಟಿತು, ಏಳು ಜನ ಸತ್ತರು. 2007ರ ಮೇ 15ರಂದು ವಾರೆನ್ ಗ್ರೋವ್ ಅಭ್ಯಾಸ ಮೈದಾನದ ಮೇಲೆ ಎಫ್-16 ವಿಮಾನ ಉದುರಿಸಿದ ಬೆಂಕಿಬತ್ತಿಯಿಂದ ಸುಮಾರು 17,000 ಎಕರೆ ಹೋಯಿತು. ಅದರಲ್ಲಿ ಕುಳ್ಳ ಪೈನ್ ಬಯಲೂ ಸೇರಿತ್ತು. ಮರಗಳು ಚಿಗುರಿದವು, ಸುತ್ತಲ ಜನರ ಸಿಟ್ಟು ತಣಿಯಲು ಹೆಚ್ಚು ಕಾಲ ಹಿಡಿಯಿತು. 2022ರ ಜೂನ್‌ನಲ್ಲಿ ಮಲಿಕಾ ಹೊಳೆಯ ಬಳಿ 13,500 ಎಕರೆಗೂ, 2025ರ ಏಪ್ರಿಲ್‌ನಲ್ಲಿ ಓಷನ್ ಕೌಂಟಿಯಲ್ಲಿ 15,000 ಎಕರೆಗೂ ಬೆಂಕಿ ಹಬ್ಬಿತು.

ಬೆಂಕಿಗೆ ಬೆಂಕಿಯೇ ಮದ್ದು ಎಂಬುದನ್ನು ಇಲ್ಲಿ ಮೊದಲು ಕಂಡುಕೊಂಡವರಲ್ಲಿ ಕ್ರ್ಯಾನ್‌ಬೆರಿ ಬೆಳೆಗಾರರೂ ಇದ್ದರು. ತಮ್ಮ ಗದ್ದೆಗಳ ಸುತ್ತಲಿನ ಕಾಡನ್ನು ಚಳಿಗಾಲದಲ್ಲೇ ಸುಟ್ಟು ಬಿಡುತ್ತಿದ್ದರು. ಅರಣ್ಯ ಸೇವೆಯ ವಿಜ್ಞಾನಿ ಸೈಲಸ್ ಲಿಟ್ಲ್ ಇದಕ್ಕೆ ದಶಕಗಳ ಪ್ರಯೋಗದ ಆಧಾರ ಒದಗಿಸಿದ. ಚಳಿಗಾಲದ ಮೆಲುಬೆಂಕಿ ಮೇಲಿನ ತರಗನ್ನು ತೆಗೆದು ಏಪ್ರಿಲ್‌ನ ಬೆಂಕಿಯ ಹಲ್ಲು ಕೀಳುತ್ತದೆ. ಈ ಕ್ರಮಕ್ಕೆ 2018ರ ಕಾನೂನು ಬಲ ಕೊಟ್ಟಿತು. ಆದರೆ ಮೆಲುಬೆಂಕಿ ಎಲ್ಲ ಗಿಡಕ್ಕೂ ಸಾಲದು ಎಂದು ಹೇಳಲೇಬೇಕು. ಒದ್ದೆ ತರಗಿನ ಮೇಲ್ಪದರ ಮಾತ್ರ ಸುಡುವುದರಿಂದ ಮರಳು ತೆರೆದುಕೊಳ್ಳುವುದಿಲ್ಲ, ನೆತ್ತಿಯ ಮುಚ್ಚಿದ ಕಾಯಿ ಬಿರಿಯುವುದಿಲ್ಲ. ಊರುಗಳ ರಕ್ಷಣೆಗೆ ಬೇಕಾದ ಬೆಂಕಿ ಒಂದು, ಕಾಡಿಗೆ ಬೇಕಾದ ಬೆಂಕಿ ಇನ್ನೊಂದು.

ನಮ್ಮಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಮೊದಲಲ್ಲೇ ಹಚ್ಚುತ್ತಿದ್ದ ತರಗುಬೆಂಕಿಯನ್ನು ನಿಲ್ಲಿಸಿದ ಮೇಲೆ ಲಂಟಾನ ಹಬ್ಬಿತು, ನೆಲ್ಲಿಮರದ ಮೇಲೆ ಬಂದಳಿಕೆ ಹೆಚ್ಚಿತು ಎಂದು ಸೋಲಿಗರು ಹೇಳುತ್ತ ಬಂದಿದ್ದಾರೆ. ಕಾಡು ಬೇರೆ, ವಾದದ ಮೂಲ ಒಂದೇ.

ಬ್ಲೂಬೆರಿ

ಇಂದು ಜಗತ್ತಿನ ಅಂಗಡಿಗಳಲ್ಲಿ ಸಿಗುವ ದೊಡ್ಡ ಬ್ಲೂಬೆರಿಯ ತವರು ಇದೇ ಜೌಗಿನಂಚು. ಆಮ್ಲದ ಮಣ್ಣಿಲ್ಲದೆ ಬ್ಲೂಬೆರಿ ಬದುಕದು ಎಂದು ತೋರಿಸಿದವನು ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್. ಅವನ ವರದಿಯನ್ನು ಓದಿ 1911ರಲ್ಲಿ ಪತ್ರ ಬರೆದವಳು ವೈಟ್ಸ್‌ಬಾಗ್‌ನ ಕ್ರ್ಯಾನ್‌ಬೆರಿ ತೋಟದ ಎಲಿಜಬೆತ್ ವೈಟ್. ಅವಳು ಕಾಡಿನ ಜನಕ್ಕೆ ಸುಮಾರು 16 ಮಿ.ಮೀ. ತೂತಿನ ಅಳತೆಪಟ್ಟಿ ಕೊಟ್ಟು, ಆ ತೂತಿನಲ್ಲಿ ಹಿಡಿಯದ ಹಣ್ಣು ಬಿಡುವ ಪೊದೆ ತೋರಿಸಿದವರಿಗೆ ಹಣ ಕೊಟ್ಟಳು, ಪೊದೆಗೆ ತೋರಿಸಿದವನ ಹೆಸರಿಟ್ಟಳು. ರೂಬೆಲ್ ತಳಿ ಹಾಗೆ ಬಂದದ್ದು. ಕೋವಿಲ್ ಅವನ್ನು ಅಡ್ಡಹಾಯಿಸಿ ತಳಿ ತೆಗೆದ. 1916ರಲ್ಲಿ ಮೊದಲ ಬೆಳೆ ಮಾರುಕಟ್ಟೆಗೆ ಹೋಯಿತು. ಬಂಜರೆಂದು ಬಿಟ್ಟ ನೆಲದ ಮಟ್ಟಿಗೆ ಇದು ಸಣ್ಣ ಸಾಧನೆಯಲ್ಲ.

ರಕ್ಷಣೆ ಮತ್ತು ಇಂದಿನ ಸ್ಥಿತಿ

ಫಿಲಡೆಲ್ಫಿಯದ ಉದ್ಯಮಿ ಜೋಸೆಫ್ ವಾರ್ಟನ್ 1876ರಿಂದ ಇಲ್ಲಿ ಭೂಮಿ ಕೊಂಡು, ಕೆಳಗಿನ ನೀರನ್ನು ತನ್ನ ಊರಿಗೆ ಹರಿಸಬೇಕೆಂದಿದ್ದ. ನ್ಯೂ ಜೆರ್ಸಿಯ ಶಾಸನಸಭೆ ಬಿಡಲಿಲ್ಲ. ಅವನ ಎಸ್ಟೇಟನ್ನು 1950ರ ದಶಕದಲ್ಲಿ ರಾಜ್ಯವೇ ಕೊಂಡಿತು. ಇಂದಿನ ವಾರ್ಟನ್ ರಾಜ್ಯ ಅರಣ್ಯ ಅದೇ. 1960ರ ದಶಕದಲ್ಲಿ ಇಲ್ಲಿ ಭಾರಿ ವಿಮಾನ ನಿಲ್ದಾಣವನ್ನೂ ಎರಡೂವರೆ ಲಕ್ಷ ಜನರ ನಗರವನ್ನೂ ಕಟ್ಟುವ ಯೋಜನೆ ಎದ್ದಿತು. 1968ರಲ್ಲಿ ಜಾನ್ ಮ್ಯಾಕ್‌ಫೀ ಬರೆದ ‘ದ ಪೈನ್ ಬ್ಯಾರೆನ್ಸ್’ ಈ ಕಾಡನ್ನೂ ಅದರ ಜನರನ್ನೂ ಹೊರಗಿನವರಿಗೆ ಪರಿಚಯಿಸಿತು. ಅದನ್ನು ಓದಿ ಮನಸ್ಸು ಮಾಡಿದವರಲ್ಲಿ ಗವರ್ನರ್ ಬ್ರೆಂಡನ್ ಬರ್ನ್ ಒಬ್ಬ. 1979ರ ಪೈನ್‌ಲ್ಯಾಂಡ್ಸ್ ಸಂರಕ್ಷಣಾ ಕಾಯಿದೆ ಅವನ ಕಾಲದ್ದು. 15 ಸದಸ್ಯರ ಆಯೋಗ ಒಳತಿರುಳಿನಲ್ಲಿ ಕಟ್ಟಡಗಳನ್ನು ಬಿಗಿಯಾಗಿ ತಡೆಯುತ್ತದೆ, ಅಂಚಿನ ಊರುಗಳಲ್ಲಿ ಬೆಳೆಯಲು ಬಿಡುತ್ತದೆ. ಒಳಗಿನ ಜಮೀನುದಾರ ತನ್ನ ಕಟ್ಟುವ ಹಕ್ಕನ್ನು ಹೊರಗಿನವರಿಗೆ ಮಾರಬಹುದು.

ಇಂಥ ಕಾಡುಗಳ ಸಣ್ಣ ತುಣುಕುಗಳು ಲಾಂಗ್ ಐಲೆಂಡ್, ಕೇಪ್ ಕಾಡ್, ನ್ಯೂ ಯಾರ್ಕ್ ರಾಜ್ಯದ ಆಲ್ಬನಿ ಮುಂತಾದ ಕಡೆ ಉಳಿದಿವೆ. ಮಿಷಿಗನ್‌ನ ಮರಳಿನಲ್ಲಿ ಇದೇ ಪಾತ್ರ ವಹಿಸುವುದು ಜ್ಯಾಕ್ ಪೈನ್. ಅಲ್ಲಿ ಕರ್ಟ್‌ಲಂಡ್ಸ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿ ಬೆಂಕಿಯ ನಂತರ ಏಳುವಂಥ ಎಳೆಯ ಪೈನ್‌ಗಳ ಬುಡದಲ್ಲಿ ಗೂಡು ಕಟ್ಟುತ್ತದೆ. 1980ರಲ್ಲಿ ಅದಕ್ಕಾಗಿಯೇ ಹಚ್ಚಿದ ಬೆಂಕಿ ಮ್ಯಾಕ್ ಲೇಕ್ ಬಳಿ ಕೈತಪ್ಪಿ 24,000 ಎಕರೆ ಸುಟ್ಟು, ಒಬ್ಬ ಸಿಬ್ಬಂದಿಯ ಜೀವ ತೆಗೆಯಿತು. ಮುಂದಿನ ದಶಕದಲ್ಲಿ ಹಕ್ಕಿಗಳು ಹೆಚ್ಚಿದ್ದು ಆ ಸುಟ್ಟ ನೆಲದಲ್ಲೇ. 2019ರಲ್ಲಿ ಹಕ್ಕಿಯನ್ನು ಅಳಿವಿನಂಚಿನ ಪಟ್ಟಿಯಿಂದ ತೆಗೆದರು.

ನ್ಯೂ ಜೆರ್ಸಿಯ ಇಂದಿನ ಚಿಂತೆ ದಕ್ಷಿಣದ ಪೈನ್ ದುಂಬಿ. ಅಕ್ಕಿಕಾಳಿನಷ್ಟೇ ಇರುವ ಈ ಕೀಟ ತೊಗಟೆಯಡಿ ಸುರಂಗ ಕೊರೆದು ಮರದ ಆಹಾರದ ಹರಿವನ್ನು ಕತ್ತರಿಸುತ್ತದೆ. ಹಿಂದೆ ಕಡುಚಳಿ ಇದನ್ನು ಕೊಂದು ದಕ್ಷಿಣದಲ್ಲೇ ತಡೆದಿತ್ತು. ಚಳಿಗಾಲಗಳು ಮೆತ್ತಗಾದಂತೆ 2001ರಿಂದ ಇಲ್ಲಿ ಇದರ ಹಾವಳಿ ಕಾಣಿಸಿಕೊಂಡಿತು, 2014ರಲ್ಲಿ ಲಾಂಗ್ ಐಲೆಂಡಿನ ಪೈನ್‌ಗಳಲ್ಲೂ ಪತ್ತೆಯಾಯಿತು. ಇದು ಹೆಚ್ಚಾಗಿ ಹರಡುವುದು ಮರಗಳು ಒತ್ತೊತ್ತಾಗಿ ನಿಂತ ಕಡೆ. ಬೆಂಕಿ ಬಂದು ತೆಳುವಾದ ಕಾಡಿನಲ್ಲಿ ಮರದಿಂದ ಮರಕ್ಕೆ ದಾಟುವುದು ಅದಕ್ಕೆ ಕಷ್ಟ. 2022ರಲ್ಲಿ ಆಯೋಗ ಬಾಸ್ ರಿವರ್ ರಾಜ್ಯ ಅರಣ್ಯದಲ್ಲಿ ಸುಮಾರು 24 ಲಕ್ಷ ಮರಗಳನ್ನು ತೆಗೆದು ಕಾಡನ್ನು ತೆಳುಗೊಳಿಸಿ ಬೆಂಕಿ ರೇಖೆ ಮಾಡುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅವುಗಳಲ್ಲಿ ಹೆಚ್ಚಿನವು ಎರಡು ಅಂಗುಲ ದಪ್ಪವೂ ಇಲ್ಲದ, ಒತ್ತಾಗಿ ಎದ್ದ ಪಿಚ್ ಪೈನ್‌ಗಳು. ಸಂಖ್ಯೆ ಕೇಳಿದ ಜನ ಹೌಹಾರಿ ಆಕ್ಷೇಪ ಎತ್ತಿದರು. ಇಷ್ಟು ಒತ್ತಾಗಿ ನಿಂತ ಕಾಡು ಹೇಗೂ ಒಂದು ಏಪ್ರಿಲ್‌ನಲ್ಲಿ ಸುಡುವಂಥದ್ದೇ ಎಂಬುದು ಯೋಜನೆಯ ಪರ ಇದ್ದವರ ಉತ್ತರ.